ಬರೆದಾಯಿತೆಂದ ಡಿಸ್ಕ್ ತೆರೆಯದಿದ್ದರೆ

ಪ್ರಶ್ನೆ: ನನ್ನ ಕಂಪ್ಯೂಟರಿನ ಡಿವಿಡಿ ರೈಟರ್ ಕೆಲವೊಮ್ಮೆ ಸರಿಯಾಗಿ ಬರೆಯುತ್ತದೆ, ಕೆಲವೊಮ್ಮೆ ಅರ್ಧಕ್ಕೇ ನಿಂತುಬಿಡುತ್ತದೆ. ಬರೆದು ಮುಗಿಯಿತೆಂದು ತೋರಿಸಿದ ಡಿಸ್ಕ್‌ಗಳಲ್ಲಿಯೂ ಕೊನೆಯ ಕೆಲವು ಫೋಟೊಗಳು ತೆರೆಯುವುದಿಲ್ಲ. ಹೊಸ ಡ್ರೈವ್ ಕೊಳ್ಳಬೇಕೆ?

ಉತ್ತರ: ಈಗಲೇ ಕೊಳ್ಳಬೇಡಿ. ಕೊನೆಯ ಫೋಟೊಗಳು ಮಾತ್ರ ತೆರೆಯುವುದಿಲ್ಲ ಎಂಬ ನಿಮ್ಮ ಮಾತಿನಲ್ಲೇ ಮುಖ್ಯ ಸುಳಿವಿದೆ. ಲೇಸರ್ ಕಿರಣವು ಡಿಸ್ಕ್‌ನ ಒಳಭಾಗದಿಂದ ಬರೆಯಲು ಆರಂಭಿಸಿ ಹೊರ ಅಂಚಿನತ್ತ ಸಾಗುವುದರಿಂದ, ಕೊನೆಯ ಕಡತಗಳು ಅಂಚಿನಲ್ಲೇ ಕೂರುತ್ತವೆ; ಬರೆಯುವ ವೇಗ ಸಾಮಾನ್ಯವಾಗಿ ಅತಿ ಹೆಚ್ಚಾಗುವುದೂ, ಮಾಹಿತಿ ದಾಖಲಾಗುವ ಬಣ್ಣದ ಪದರದ ಏರುಪೇರು ಹಾಗೂ ಡಿಸ್ಕ್‌ನ ಸಣ್ಣ ಬಾಗು ಹೆಚ್ಚು ತೊಂದರೆ ಕೊಡುವುದೂ ಅಲ್ಲಿಯೇ. ಆದ್ದರಿಂದ 16ಎಕ್ಸ್ ಡಿಸ್ಕನ್ನು, ಅಂದರೆ ಡಿವಿಡಿಯ ಮೂಲ ವೇಗದ 16 ಪಟ್ಟಿನವರೆಗೆ ಬರೆಯಬಹುದಾದ ಡಿಸ್ಕನ್ನು, 8ಎಕ್ಸ್ ವೇಗದಲ್ಲಿ ಬರೆದು ನೋಡಿ. ವೇಗ ತಗ್ಗಿದಷ್ಟೂ ಒಳ್ಳೆಯದೆಂದು ತೀರಾ ಕೆಳಕ್ಕೆ ಇಳಿಸುವುದು ಬೇಡ, ಏಕೆಂದರೆ ಹೆಚ್ಚಿನ ವೇಗಕ್ಕೆಂದು ತಯಾರಾದ ಬಣ್ಣದ ಪದರವು ಅತಿ ನಿಧಾನದ ಬರವಣಿಗೆಗೆ ಸದಾ ಒಗ್ಗುವುದಿಲ್ಲ. 4.7 ಜಿಬಿ ಡಿಸ್ಕ್‌ನಲ್ಲಿ 4 ಜಿಬಿಗೇ ನಿಲ್ಲಿಸಿದರೆ ಅಂಚಿನ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಅರ್ಧಕ್ಕೆ ನಿಲ್ಲುವುದಕ್ಕೆ ಬೇರೆ ಕಾರಣವಿರಬಹುದು. 16ಎಕ್ಸ್ ವೇಗದಲ್ಲಿ ಬರೆಯುವ ಡ್ರೈವ್‌ಗೆ ಸೆಕೆಂಡಿಗೆ ಸುಮಾರು 22 ಎಂಬಿ ಮಾಹಿತಿ ಎಡೆಬಿಡದೆ ಹರಿದುಬರಬೇಕು. ನಿಮ್ಮದು ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರ್ ಆಗಿದ್ದರೆ ಯಂತ್ರಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಐಡಿಇ ಚಾನೆಲ್‌ನ ವಿವರವನ್ನು ನೋಡಿ: ದೋಷಗಳು ಮತ್ತೆ ಮತ್ತೆ ಕಂಡುಬಂದಾಗ ಅದು ಮಾಹಿತಿಯನ್ನು ವೇಗವಾಗಿ ಸಾಗಿಸುವ ಡಿಎಂಎ ವಿಧಾನವನ್ನು ಬಿಟ್ಟು ಬಹಳ ನಿಧಾನವಾದ ಪಿಐಒ ವಿಧಾನಕ್ಕೆ ತಾನಾಗಿಯೇ ಇಳಿದಿರುತ್ತದೆ, ಮತ್ತು ಅದನ್ನು ಯಾರೂ ನಿಮಗೆ ತಿಳಿಸುವುದಿಲ್ಲ. ಆ ಚಾನೆಲನ್ನು ಅಲ್ಲಿಂದ ತೆಗೆದುಹಾಕಿ ಕಂಪ್ಯೂಟರನ್ನು ಮರುಪ್ರಾರಂಭಿಸಿದರೆ ಡಿಎಂಎ ಸಾಮಾನ್ಯವಾಗಿ ಮರಳುತ್ತದೆ. ಮರಳದಿದ್ದರೆ ಕೇಬಲ್ ಬದಲಿಸಿ. ಯುಎಸ್‌ಬಿ ಡ್ರೈವ್ ಆಗಿದ್ದರೆ ಹಬ್‌ಗೆ ಚುಚ್ಚದೆ ನೇರವಾಗಿ ಕಂಪ್ಯೂಟರಿಗೇ ಜೋಡಿಸಿ, ಏಕೆಂದರೆ ವಿದ್ಯುತ್ ಸಾಲದಿದ್ದಾಗಲೂ ಬರವಣಿಗೆ ಮಧ್ಯದಲ್ಲಿ ಮುರಿಯುತ್ತದೆ.

ಒಮ್ಮೆಗೆ ಒಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿತ್ತೆಂದು ತಿಳಿಯದು. ಬೇರೆ ಬೇರೆ ತಯಾರಕರ ಡಿಸ್ಕ್‌ಗಳು ನಿಮ್ಮ ಡ್ರೈವ್‌ನಲ್ಲಿ ಕೆಟ್ಟು, ಅದೇ ಡಬ್ಬಿಯ ಡಿಸ್ಕ್‌ಗಳು ಇನ್ನೊಂದು ಕಂಪ್ಯೂಟರಿನಲ್ಲಿ ಸರಿಯಾಗಿ ಬರೆದರೆ, ಆಗ ಮಾತ್ರ ಲೇಸರ್ ಸೊರಗಿದೆಯೆಂದು ಡ್ರೈವ್ ಬದಲಿಸಬಹುದು.

ಬರ್ನಿಂಗ್ ತಂತ್ರಾಂಶದಲ್ಲಿರುವ ವೆರಿಫೈ (ಬರೆದದ್ದನ್ನು ಓದಿ ಪರೀಕ್ಷಿಸುವ) ಆಯ್ಕೆಯನ್ನು ಎಂದೂ ಬಿಡಬೇಡಿ. ಬರೆದು ಮುಗಿಯಿತೆಂಬ ಸಂದೇಶವು ಬರವಣಿಗೆ ಕೊನೆಗೊಂಡಿತೆಂದಷ್ಟೇ ಹೇಳುತ್ತದೆ, ಬರೆದದ್ದು ಓದಲು ಬರುತ್ತದೆಂದಲ್ಲ. ವೆರಿಫೈ ಮುಗಿದು, ಡಿಸ್ಕ್ ಮತ್ತೊಂದು ಡ್ರೈವ್‌ನಲ್ಲಿಯೂ ತೆರೆದುಕೊಳ್ಳುವವರೆಗೆ ಹಾರ್ಡ್ ಡಿಸ್ಕ್‌ನಲ್ಲಿರುವ ಮೂಲ ಫೋಟೊಗಳನ್ನು ದಯವಿಟ್ಟು ಅಳಿಸಬೇಡಿ.