ಗುಡಿಸುವ ಕೈಯ ವಿಶ್ವಾಸ

ಪ್ರಶ್ನೆ: ಹಲವು ವರ್ಷಗಳಿಂದ ಪ್ರತಿ ಭಾನುವಾರ ನಸುಕಿನಲ್ಲಿ ನಮ್ಮ ಚರ್ಚಿನ ನೆಲ ಗುಡಿಸಿ, ಬೆಂಚುಗಳನ್ನು ಒರೆಸುತ್ತಿದ್ದೇನೆ. ನಾಲ್ಕು ಜನರ ಮುಂದೆ ನಿಂತು ಪ್ರಾರ್ಥಿಸಲು ನನಗೆ ಬಾಯಿ ಬರುವುದಿಲ್ಲ. ನನ್ನ ವಿಶ್ವಾಸ ಕಡಿಮೆಯದೇ?

ಉತ್ತರ: ಖಂಡಿತ ಅಲ್ಲ. ಯೋಹಾನನ ಸುವಾರ್ತೆಯ 13ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಅಂದಿನ ಮನೆಗಳಲ್ಲಿ ಅತಿಥಿಗಳ ಕಾಲು ತೊಳೆಯುವುದು ಆಳುಗಳ ಕೆಲಸವಾಗಿತ್ತು. ಯೇಸು ಊಟದ ನಡುವೆ ಎದ್ದು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಗೆ ನೀರು ಸುರಿದು ಶಿಷ್ಯರ ಪಾದಗಳನ್ನು ತೊಳೆದಾಗ, ಯೇಸುವನ್ನೇ ಹಿಡಿದುಕೊಡಲಿದ್ದ ಯೂದನೂ ಆ ಪಂಕ್ತಿಯಲ್ಲಿದ್ದನೆಂಬುದು ನನ್ನನ್ನು ಪ್ರತಿ ಬಾರಿಯೂ ಮೌನವಾಗಿಸುತ್ತದೆ.

ರಕ್ಷಣೆ ದೇವರ ಕೃಪೆಯ ವರವೆಂದು ಪೌಲನು ಎಫೆಸದವರಿಗೆ ಬರೆಯುತ್ತಾನೆ, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬನು ಎಚ್ಚರಿಸುತ್ತಾನೆ. ನಿಮ್ಮ ಪೊರಕೆ ಆ ಕೃಪೆಗೆ ತೆರುವ ಬೆಲೆಯಲ್ಲ, ಅದನ್ನು ಪಡೆದವರ ಕೃತಜ್ಞತೆ.

ನಮ್ಮ ಕರಾವಳಿಯಲ್ಲೇ ಇದಕ್ಕೊಂದು ನಿದರ್ಶನವಿದೆ. ಮಂಗಳೂರಿನಲ್ಲಿ ಪಾಠ ಹೇಳಲು ಬಂದ ಜರ್ಮನಿಯ ಯೇಸುಸಭೆಯ ಪಾದ್ರಿ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡತೊಡಗಿದರು. ಮುಂದೆ, ಊರು ದೂರವಿಟ್ಟಿದ್ದ ಕುಷ್ಠರೋಗಿಗಳಿಗೂ ಆಶ್ರಯ ಕಲ್ಪಿಸಿದರು. ಅವರ ಹೆಸರಿನ ಆಸ್ಪತ್ರೆ ಇಂದಿಗೂ ಅಲ್ಲಿದೆ.

ಒಂದು ಮಾತು ಮಾತ್ರ ಹೇಳಬೇಕು. ಮೈಯಲ್ಲಿ ಆಗದ ದಿನ ಪೊರಕೆಯನ್ನು ಇನ್ನೊಬ್ಬರ ಕೈಗೆ ಕೊಡಿ. ಸೇವೆ ಪಡೆಯುವುದೂ ಸುಲಭವಲ್ಲ: ಯೇಸು ಪಾದ ತೊಳೆಯಲು ಬಂದಾಗ ಶಿಷ್ಯ ಪೇತ್ರನಿಗೂ ಕಾಲೊಡ್ಡಲು ಮೊದಲು ಮನಸ್ಸು ಬಂದಿರಲಿಲ್ಲ.