ಲೇಸರ್‌ನಲ್ಲಿ ಲಿವರ್‌ನ ರಕ್ತದ ಹರಿವು ಅಳೆಯಬಹುದಾ?

ಅಪ್ಪನಿಗೆ ಸಿರೋಸಿಸ್ (ಲಿವರ್ ಗಟ್ಟಿಯಾಗೋ ಕಾಯಿಲೆ) ಅಂದಿದ್ದಾರೆ, ಲಿವರ್‌ಗೆ ರಕ್ತ ಎಷ್ಟು ಹರೀತಿದೆ ಅಂತ ಲೇಸರ್‌ನಲ್ಲಿ ನೋಡ್ತಾರಂತೆ, ಚಿಕ್ಕಮಗಳೂರಲ್ಲೋ ಹಾಸನದಲ್ಲೋ ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಹಾಸನದವನು. ಎರಡು ವರ್ಷ ಲ್ಯಾಬ್‌ನಲ್ಲಿ ಇಲಿಗಳ ಲಿವರ್ ಮೇಲೆ ಇದೇ ಲೇಸರ್ ಡಾಪ್ಲರ್, ಅಂದರೆ ಲೇಸರ್ ಬೆಳಕು ಬಿಟ್ಟು ರಕ್ತದ ಹರಿವು ನೋಡೋ ಯಂತ್ರ, ಹಿಡಿದು ಕೂತಿದ್ದೆ. ಅಪ್ಪನಿಗಾಗಿ ಇದನ್ನು ಹುಡುಕಿಕೊಂಡು ಅಲೆಯಬೇಡಿ.

ಆ ಬೆಳಕು ಇಳಿಯೋದು ಸುಮಾರು ಒಂದು ಮಿಲಿಮೀಟರ್ ಆಳಕ್ಕೆ ಅಷ್ಟೇ. ಹೊಟ್ಟೆಯ ಮೇಲಿಟ್ಟರೆ ಚರ್ಮದ ರಕ್ತ ಸಿಗುತ್ತೆ, ಲಿವರ್‌ದಲ್ಲ. ಹೊಟ್ಟೆ ತೆರೆದು ಪ್ರೋಬನ್ನು (ಬೆಳಕು ಬಿಡೋ ತುದಿಯನ್ನು) ಲಿವರ್‌ಗೇ ತಾಗಿಸಬೇಕು. ಹಾಗಾಗಿ ಇದರ ಬಳಕೆ ಸಂಶೋಧನೆಯಲ್ಲಿ, ಅಪರೂಪಕ್ಕೆ ಆಪರೇಷನ್ ಟೇಬಲ್ ಮೇಲೆ.

ತಾಗಿಸೋದೂ ಸುಲಭವಲ್ಲ. ಸ್ವಲ್ಪ ಒತ್ತಿದರೂ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು ಆ ಜಾಗ ಬೆಳ್ಳಗಾಗುತ್ತೆ, ಸಂಖ್ಯೆ ಕುಸಿಯುತ್ತೆ. ಇಲಿ ಉಸಿರೆಳೆದಾಗೆಲ್ಲ ಲಿವರ್ ಸರಿಯುತ್ತೆ, ಪರದೆ ಮೇಲಿನ ಗೆರೆ ಕುಣಿಯುತ್ತೆ. ಯಂತ್ರಕ್ಕೆ ಓಡುವ ಕೆಂಪು ರಕ್ತಕಣ ಯಾವುದು, ಉಸಿರಿಗೆ ಅಲುಗಿದ ಮಾಂಸ ಯಾವುದು ಅಂತ ಗೊತ್ತಾಗಲ್ಲ. ಅಲುಗಿದ್ದರಿಂದ ಚದುರಿ ಬರುವ ಬೆಳಕಿನ ಕಂಪನಾಂಕ ಚೂರು ಬದಲಾಗಿರುತ್ತೆ, ಅದಕ್ಕೆ ಕಾಣೋದು ಅದೊಂದೇ.

ಇಷ್ಟಾಗಿ ಬರೋ ಸಂಖ್ಯೆ ಮಿಲಿಲೀಟರ್ ಅಲ್ಲ. ಗೊರೂರು ಡ್ಯಾಂಗೆ ಇಷ್ಟು ಕ್ಯೂಸೆಕ್ ಒಳಹರಿವು ಅಂತ ಪೇಪರ್‌ನಲ್ಲಿ ಬರುತ್ತಲ್ಲ, ಆ ಥರದ ಲೆಕ್ಕ ಇದರಲ್ಲಿ ಸಿಗಲ್ಲ. ಸಕಲೇಶಪುರದ ಸೇತುವೆ ಮೇಲೆ ನಿಂತು, ನಿನ್ನೆಗಿಂತ ಇವತ್ತು ಹೇಮಾವತಿ ಜೋರಾಗಿದ್ದಾಳೆ ಅನ್ನಬಹುದು, ಅಷ್ಟೇ. ಒಂದೇ ಲಿವರ್‌ನ ಅದೇ ಜಾಗದಲ್ಲಿ ಔಷಧಿಗೆ ಮುಂಚೆ, ಆಮೇಲೆ ಅಂತ ಹೋಲಿಸೋಕೆ ಮಾತ್ರ ಇದು ನಿಜಕ್ಕೂ ಒಳ್ಳೇ ಸಾಧನ.

ಅಪ್ಪನಿಗೆ ಬೇಕಿರೋದು ಅಲ್ಟ್ರಾಸೌಂಡ್ ಡಾಪ್ಲರ್. ಹೆಸರು ಒಂದೇ ಥರ ಇದ್ದರೂ ಇದು ಶಬ್ದದ ಅಲೆ, ಆಳಕ್ಕೆ ಹೋಗುತ್ತೆ. ಲಿವರ್‌ಗೆ ಬರೋ ರಕ್ತದ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಸಿರೆಯಲ್ಲಿ ಬರುತ್ತೆ. ಲಿವರ್ ಗಟ್ಟಿಯಾದರೆ ಅಲ್ಲಿ ಒತ್ತಡ ಏರಿ ಹರಿವು ನಿಧಾನವಾಗುತ್ತೆ, ಕೆಲವರಲ್ಲಿ ಹಿಮ್ಮುಖವೇ ಆಗುತ್ತೆ. ರಿಪೋರ್ಟ್‌ನಲ್ಲಿ ಆ ಸಿರೆಯ ಹರಿವಿನ ದಿಕ್ಕು ಏನು, ರಕ್ತ ಹೆಪ್ಪುಗಟ್ಟಿದೆಯಾ ಅಂತ ಡಾಕ್ಟರನ್ನು ಕೇಳಿ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ, ಊಟ ಆದಮೇಲೆ ಆ ಹರಿವು ತಾನಾಗಿಯೇ ಹೆಚ್ಚುತ್ತೆ.

ಆ ಒತ್ತಡಕ್ಕೆ ಅನ್ನನಾಳದ ಸಿರೆಗಳು ಉಬ್ಬಿವೆಯಾ ಅಂತ ನೋಡೋಕೆ ಎಂಡೋಸ್ಕೋಪಿ ಮಾಡಿಸಬೇಕಾ ಅನ್ನೋದನ್ನೂ ಅವತ್ತೇ ಕೇಳಿಬಿಡಿ. ಅಷ್ಟರೊಳಗೆ ರಕ್ತವಾಂತಿಯಾದರೆ, ಇಲ್ಲವೇ ಮಲ ಟಾರಿನಂತೆ ಕಪ್ಪಗೆ ಹೋದರೆ, ಬೆಳಗಾಗಲಿ ಅಂತ ಕಾಯಬೇಡಿ.