ಪ್ರತಿಕ್ರಿಯೆ: ಮ್ಯಾಕ್‌ನಲ್ಲಿ ಮಾತ್ರ ಕಾಣೆಯಾಗುವ ಸ್ಫಿಂಕ್ಸ್ ಪುಟ
ಪೈಥಾನ್ ಕೋಡಿನ ದಾಖಲೆ ಪುಟಗಳನ್ನು ತಯಾರಿಸುವ ಸ್ಫಿಂಕ್ಸ್ ಉಪಕರಣವನ್ನು ಬಳಸಿದಾಗ, ಲಿನಕ್ಸ್‌ನಲ್ಲಿ ಬರುವ ಒಂದು ಪುಟ ಮ್ಯಾಕ್‌ನಲ್ಲಿ ಕಾಣೆಯಾಗುತ್ತದೆ ಎಂದು ಕೇಳಿದ್ದೀರಿ. ಬಹುಶಃ ಕಾರಣವಿದು: ದೊಡ್ಡಕ್ಷರದಿಂದ ಆರಂಭವಾಗುವ ನಿಮ್ಮ ‘ಪಾರ್ಸರ್’ ಕ್ಲಾಸ್ ಮತ್ತು ಪೂರ್ತಿ ಸಣ್ಣಕ್ಷರದ ‘ಪಾರ್ಸರ್’ ಫಂಕ್ಷನ್ ಎರಡಕ್ಕೂ ಆಟೋಸಮರಿ (ಕ್ಲಾಸ್, ಫಂಕ್ಷನ್‌ಗಳಿಗೆ ತಾನಾಗಿ ಪುಟ ತಯಾರಿಸುವ ಸ್ಫಿಂಕ್ಸ್ ವಿಸ್ತರಣೆ) ಸೃಷ್ಟಿಸುವ ಕಡತಗಳ ಹೆಸರು, ದೊಡ್ಡ-ಸಣ್ಣ ಅಕ್ಷರಗಳ ಭೇದವೆಣಿಸದ ಡಿಸ್ಕಿನಲ್ಲಿ ಒಂದೇ ಆಗಿ, ಎರಡರಲ್ಲಿ ಒಂದು ಮಾತ್ರ ಉಳಿಯುತ್ತದೆ.

ಸ್ಫಿಂಕ್ಸ್ 3.2 ಅಥವಾ ನಂತರದ ಆವೃತ್ತಿಯಿದ್ದರೆ, ಸ್ಫಿಂಕ್ಸ್‌ನ ಸೆಟ್ಟಿಂಗ್‌ಗಳಿರುವ ಕಾನ್ಫ್ ಡಾಟ್ ಪೈ ಕಡತದಲ್ಲಿ ‘ಆಟೋಸಮರಿ_ಫೈಲ್‌ನೇಮ್_ಮ್ಯಾಪ್’ ಎಂಬ ಡಿಕ್ಷನರಿಯನ್ನು ಸೇರಿಸಿ, ಮಾಡ್ಯೂಲ್ ಸಹಿತವಾದ ಫಂಕ್ಷನ್ನಿನ ಪೂರ್ಣ ಹೆಸರಿಗೆ ಬೇರೊಂದು ಕಡತದ ಹೆಸರನ್ನು ಕೊಡಿ. ಹಳೆಯ ಕಡತದ ಹೆಸರಿನ ಕೊನೆಗೆ ‘ಫಂಕ್ಷನ್’ ಎಂದು ಸೇರಿಸಿದರೆ ಸಾಕು. ಕ್ಲಾಸಿನ ಹೆಸರನ್ನೇ ಬದಲಿಸಲು ಹೋಗಬೇಡಿ, ಅದು ಬಳಕೆದಾರರ ಕೋಡನ್ನು ಕೆಡಿಸುತ್ತದೆ.

ಬಳಿಕ ಆಟೋಸಮರಿ ಸೃಷ್ಟಿಸಿದ ಹಳೆಯ ಕಡತಗಳನ್ನೂ ಬಿಲ್ಡ್ ಫೋಲ್ಡರನ್ನೂ ಅಳಿಸಿ ಮತ್ತೆ ಬಿಲ್ಡ್ ಮಾಡಿ. ಆ ಕಡತಗಳು ಗಿಟ್‌ನಲ್ಲಿಯೂ (ಕೋಡಿನ ಆವೃತ್ತಿಗಳನ್ನು ಕಾಪಾಡುವ ವ್ಯವಸ್ಥೆ) ಇದ್ದರೆ, ದೊಡ್ಡ-ಸಣ್ಣ ಅಕ್ಷರಗಳ ಭೇದವೆಣಿಸುವ ಲಿನಕ್ಸ್ ಯಂತ್ರದಿಂದಲೇ ಅವನ್ನು ತೆಗೆದು ಕಮಿಟ್ ಮಾಡುವುದು ಕ್ಷೇಮ.